ಮನೆಯ ವೆಲ್ಡಿಂಗ್ ಕೆಲಸಕ್ಕೆ ಕಬ್ಬಿಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿವೃತ್ತನಾದ ಮೇಲೆ ಹವ್ಯಾಸಕ್ಕೆಂದು ಸಣ್ಣದೊಂದು ಇನ್ವರ್ಟರ್ ವೆಲ್ಡಿಂಗ್ ಯಂತ್ರ ಕೊಂಡಿದ್ದೇನೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಗಟ್ಟಿಮುಟ್ಟಾದ ಮೇಜೊಂದನ್ನು ಮಾಡುವ ಆಸೆ. ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದ ದರ ದುಬಾರಿ ಎನಿಸುತ್ತದೆ. ಸಗಟು ಅಂಗಡಿಯವರು ಚೂರುಪಾರು ಕೊಡುವುದಿಲ್ಲ ಎನ್ನುತ್ತಾರೆ. ಕಡಿಮೆ ಖರ್ಚಿನಲ್ಲಿ ಮಾಲು ಕೊಳ್ಳುವುದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಕಬ್ಬಿಣದ ಸಗಟು ವ್ಯಾಪಾರ ಹೆಚ್ಚಾಗಿ ನಡೆಯುವುದು ಕಿಲೋ ಲೆಕ್ಕದಲ್ಲಿ. ಅದೇ ಮಾಲನ್ನು ತಂದು, ಕತ್ತರಿಸಿ, ಕೊನೆಗೆ ಉಳಿದುಬಿಡುವ ತುಂಡಿನ ನಷ್ಟವನ್ನೂ ಸೇರಿಸಿ ಬಡಾವಣೆಯ ಅಂಗಡಿಯವರು ಅಡಿ ಲೆಕ್ಕದಲ್ಲಿ ಮಾರುವುದರಿಂದ ಅಲ್ಲಿ ದರ ಹೆಚ್ಚಿರುವುದು ಸಹಜ. ಅದನ್ನು ಮೋಸವೆಂದು ಭಾವಿಸಬೇಕಾಗಿಲ್ಲ. ನಿಮ್ಮ ಮೇಜಿಗಾದರೆ ಪೂರ್ತಿ ಉದ್ದದ ಪೈಪನ್ನೇ ಸಗಟು ಅಂಗಡಿಯಲ್ಲಿ ಕೊಳ್ಳುವುದು ಲಾಭಕರ. ಆದರೆ ಮನೆಯಿಂದ ಹೊರಡುವ ಮುನ್ನವೇ ತುಂಡುಗಳ ಲೆಕ್ಕ, ತೂಕದ ಲೆಕ್ಕ ಎರಡೂ ಕಾಗದದ ಮೇಲೆ ಸಿದ್ಧವಾಗಿರಬೇಕು. ಕಿಲೋಗೆ ಒಂದೆರಡು ರೂಪಾಯಿ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಈ ಲೆಕ್ಕದಿಂದ ಉಳಿಯುವುದೇ ಹೆಚ್ಚು.

ಮೊದಲು ತುಂಡುಗಳ ಲೆಕ್ಕ. ಚೌಕ ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ಅಂಗಡಿಯಲ್ಲಿ ಇದನ್ನು ಬಾಯಿಮಾತಿಗೆ 20 ಅಡಿ ಎನ್ನುತ್ತಾರಾದರೂ 6 ಮೀಟರ್ ಎಂದರೆ 19 ಅಡಿ 8 ಅಂಗುಲ ಮಾತ್ರ. ಆ ನಾಲ್ಕು ಅಂಗುಲವನ್ನು ನಂಬಿ ನಕ್ಷೆ ಬರೆದವರಿಗೆ ಕೊನೆಯ ತುಂಡು ಸಾಲುವುದಿಲ್ಲ. 40 ಮಿ.ಮೀ. ಚೌಕ ಪೈಪಿನಲ್ಲಿ 1200 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಮೇಜು ಮಾಡುವುದಾದರೆ, 850 ಮಿ.ಮೀ.ನ ನಾಲ್ಕು ಕಾಲುಗಳೂ, ಕಾಲುಗಳ ನಡುವೆ ಕೂರುವಂತೆ 1120 ಮಿ.ಮೀ.ನ ನಾಲ್ಕು ಉದ್ದಪಟ್ಟಿಗಳೂ, 520 ಮಿ.ಮೀ.ನ ನಾಲ್ಕು ಅಡ್ಡಪಟ್ಟಿಗಳೂ ಬೇಕು. ಉದ್ದಪಟ್ಟಿಗಳೆಲ್ಲವೂ ಎರಡು ಅಡ್ಡಪಟ್ಟಿಗಳೂ ಒಂದು ಪೈಪಿನಲ್ಲಿ ಬರುತ್ತವೆ. ಕಾಲುಗಳೂ ಉಳಿದ ಎರಡು ಅಡ್ಡಪಟ್ಟಿಗಳೂ ಇನ್ನೊಂದು ಪೈಪಿನಲ್ಲಿ ಬಂದು, ಒಂದೂವರೆ ಮೀಟರ್ ತುಂಡು ಕೈಯಲ್ಲಿ ಉಳಿಯುತ್ತದೆ. ಅಂದರೆ ಎರಡೇ ಪೈಪು ಸಾಕು. ಉದ್ದಪಟ್ಟಿ 1500 ಮಿ.ಮೀ. ಇರಲಿ ಎಂದು ಮನಸ್ಸು ಬದಲಾಯಿಸಿದರೆ ಲೆಕ್ಕ ಕೆಡುತ್ತದೆ. ಪ್ರತಿ ಸಲ ಕತ್ತರಿಸುವಾಗಲೂ ಚಕ್ರ ಸುಮಾರು 3 ಮಿ.ಮೀ. ತಿನ್ನುವುದರಿಂದ 1500ರ ನಾಲ್ಕು ತುಂಡು 6 ಮೀಟರಿನಲ್ಲಿ ಹುಟ್ಟುವುದಿಲ್ಲ. 1490 ಎಂದು ಬರೆದುಕೊಂಡರೆ ಹುಟ್ಟುತ್ತವೆ.

ಇನ್ನು ತೂಕ. 2 ಮಿ.ಮೀ. ದಪ್ಪದ 40 ಮಿ.ಮೀ. ಚೌಕ ಪೈಪು ಪೂರ್ತಿ ಉದ್ದಕ್ಕೆ ಸುಮಾರು 14 ಕಿಲೋ ತೂಗಬೇಕು. ಅದೇ ಅಳತೆಯ 1.6 ಮಿ.ಮೀ. ಪೈಪು 11ರಿಂದ 12 ಕಿಲೋ ತೂಗುತ್ತದೆ. ಎರಡನ್ನೂ ಕಣ್ಣಳತೆಯಲ್ಲಿ ಗುರುತಿಸುವುದು ಹೊಸಬರಿಗೆ ಕಷ್ಟ. ಪೈಪಿಗೆ ಇಷ್ಟು ಎಂದು ದರ ಹೇಳುವ ಅಂಗಡಿಯಲ್ಲಿ 14 ಗೇಜ್ (ಸುಮಾರು 2 ಮಿ.ಮೀ. ದಪ್ಪ) ಎಂದು 16 ಗೇಜ್ (ಸುಮಾರು 1.6 ಮಿ.ಮೀ.) ಕೊಟ್ಟರೂ ತಿಳಿಯದು. ತಕ್ಕಡಿಯ ಮೇಲಿಟ್ಟರೆ ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ತೂಗಿಸಿ, ತೂಕದ ಚೀಟಿ ಪಡೆದು, ಪೈಪಿನ ತುದಿಯಲ್ಲಿ ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿ. ತುದಿಯಲ್ಲಿ ಕತ್ತರಿಸುವಾಗ ಎದ್ದ ಲೋಹದ ಮುಳ್ಳು ಇರುತ್ತದೆ. ಅದನ್ನು ತಪ್ಪಿಸಿ ಅಳೆಯದಿದ್ದರೆ ದಪ್ಪ ಹೆಚ್ಚಾಗಿ ಕಾಣುತ್ತದೆ. ಹೇಳಿದ ದರದಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆಯೇ ಎಂದೂ ಮೊದಲೇ ಕೇಳಿ. ಎರಡು ಅಂಗಡಿಗಳ ದರವನ್ನು ಹೋಲಿಸಿ ಕೊನೆಗೆ ದುಬಾರಿಯ ಕಡೆಗೇ ಹೋಗುವುದು ಹೆಚ್ಚಾಗಿ ಈ ಒಂದು ಪ್ರಶ್ನೆ ಕೇಳದಿರುವುದರಿಂದ.

ಸಾಗಣೆಯ ಖರ್ಚನ್ನು ಮರೆಯುವಂತಿಲ್ಲ. ಎರಡು ಪೈಪಿಗೆ ಲಗೇಜ್ ಆಟೊ ಹಿಡಿದರೆ ಉಳಿತಾಯದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ನಿಮ್ಮ ಪಟ್ಟಿಯಂತೆ ಅಂಗಡಿಯಲ್ಲಿಯೇ ಕತ್ತರಿಸಿಕೊಡಲು ಕೇಳಿ. ಪೂರ್ತಿ ಪೈಪು ಕೊಂಡವರಿಗೆ ಅನೇಕರು ಅಲ್ಪ ಕೂಲಿಗೆ ಕತ್ತರಿಸಿಕೊಡುತ್ತಾರೆ. ಅವರು ಒಪ್ಪದಿದ್ದರೆ ಗ್ರಿಲ್, ಗೇಟು ಮಾಡುವ ಹತ್ತಿರದ ವೆಲ್ಡಿಂಗ್ ಶಾಪಿನವರ ಪರಿಚಯ ಮಾಡಿಕೊಳ್ಳಿ. ಅವರು ಮಾಲು ತರಿಸುವ ದಿನ ನಿಮ್ಮ ಎರಡು ಪೈಪೂ ಅದೇ ಗಾಡಿಯಲ್ಲಿ ಬರುತ್ತವೆ. ಅವರ ಮೂಲೆಯಲ್ಲಿ ಬಿದ್ದಿರುವ ಒಂದೆರಡು ಅಡಿಯ ತುಂಡುಗಳು ಅವರಿಗೆ ಗುಜರಿ, ನಿಮಗೆ ಶೆಲ್ಫಿನ ಬ್ರಾಕೆಟ್ಟು.

ಪ್ರಶ್ನೆ: ಗುಜರಿ ಅಂಗಡಿಯ ಕಬ್ಬಿಣ ಬಳಸಬಹುದೇ? ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳು, ಜಿಐ (ಸತು ಲೇಪಿತ) ಪೈಪುಗಳು ಹೇರಳವಾಗಿ ಸಿಗುತ್ತವೆ.
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಬಳಸಬಹುದು, ಆದರೆ ಎಲ್ಲವನ್ನೂ ಎಲ್ಲದಕ್ಕೂ ಅಲ್ಲ. ಕಟ್ಟಡ ಒಡೆದಾಗ ಬರುವ ಆಂಗಲ್, ಪಟ್ಟಿ, ಹಳೆಯ ಕಿಟಕಿಯ ಚೌಕಟ್ಟುಗಳು ಒಳ್ಳೆಯ ಮಾಲು. ಮೇಲ್ಮೈಯ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಹಪ್ಪಳದಂತೆ ಪದರ ಪದರವಾಗಿ ಏಳುವ ತುಕ್ಕಿದ್ದರೆ ಮಾತ್ರ ಕೈಬಿಡಿ, ಏಕೆಂದರೆ ಒಳಗೆ ಎಷ್ಟು ಲೋಹ ಉಳಿದಿದೆಯೆಂದು ಅಳೆಯಲಾಗದು.

ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲದ ಅಂಶ ಹೆಚ್ಚು, ಸಾಮಾನ್ಯವಾಗಿ ಶೇ. 0.5ರಿಂದ 0.6ರಷ್ಟು. ಅದಕ್ಕಾಗಿಯೇ ಕಮ್ಮಾರರು ಅದರಿಂದ ಮಚ್ಚು, ಕುಡುಗೋಲು ಬಡಿಯುತ್ತಾರೆ. ಅದೇ ಕಾರಣಕ್ಕೆ ಸಾದಾ ವೆಲ್ಡಿಂಗ್ ರಾಡಿನಿಂದ ಬೆಸೆದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಮೇಜು, ಏಣಿ, ಜೋಕಾಲಿಯಂತಹ ಭಾರ ಹೊರುವ ವಸ್ತುಗಳಿಗೆ ಅದು ಸಲ್ಲದು. ಗುರುತು ತಿಳಿಯದ ತುಂಡನ್ನು ಗ್ರೈಂಡರಿಗೆ ಮುಟ್ಟಿಸಿ ಕಿಡಿ ನೋಡಿ: ಸಾದಾ ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹಾರುತ್ತದೆ, ಇಂಗಾಲ ಹೆಚ್ಚಿದ್ದರೆ ಸುರುಸುರುಬತ್ತಿಯ ಹಾಗೆ ಕವಲೊಡೆಯುತ್ತದೆ.

ಜಿಐ ಪೈಪಿನ ಮೇಲಿನ ಸತುವಿನ ಲೇಪ ಬೆಸುಗೆಯ ಶಾಖಕ್ಕೆ ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ತಾಸುಗಳ ನಂತರ ಚಳಿಜ್ವರ ಬರುವುದುಂಟು. ಬೆಸೆಯುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆದು, ಬಯಲಿನಲ್ಲಿ, ಹೊಗೆ ನಿಮ್ಮತ್ತ ಬಾರದಂತೆ ಗಾಳಿ ಬೀಸಿ ಬರುವ ಕಡೆ ನಿಂತು ಕೆಲಸ ಮಾಡಿ. ಪೆಟ್ರೋಲ್, ಥಿನ್ನರ್ ತುಂಬಿದ್ದ ಡಬ್ಬಿ, ಡ್ರಮ್ಮುಗಳನ್ನಂತೂ ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಯಲ್ಲಿ ಕತ್ತರಿಸಬೇಡಿ. ಒಳಗಿನ ಆವಿ ಒಂದೇ ಕಿಡಿಗೆ ಸಿಡಿಯುತ್ತದೆ.

ಪ್ರಶ್ನೆ: ಲೋಹವನ್ನು ತಿರುಗಿಸಿ ಕಡೆಯುವ ಚಿಕ್ಕ ಲೇತ್ ಯಂತ್ರ ಇದೆ. ಸಣ್ಣ ಸಣ್ಣ ಉರುಟು ಸರಳಿನ ತುಂಡುಗಳು ಎಲ್ಲಿ ಸಿಗುತ್ತವೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪೀಣ್ಯದ ಊರಿನಲ್ಲಿದ್ದುಕೊಂಡು ಈ ಪ್ರಶ್ನೆ ಕೇಳುತ್ತಿದ್ದೀರಲ್ಲ! ಟರ್ನಿಂಗ್ ಕೆಲಸದ ಘಟಕಗಳಲ್ಲಿ ಪ್ರತಿ ಸರಳಿನ ಕೊನೆಗೂ ಲೇತಿನ ಚಕ್‌ನ (ಸರಳನ್ನು ಹಿಡಿಯುವ ಭಾಗದ) ಹಿಡಿತಕ್ಕೆ ಸಿಗದ ಒಂದು ತುಂಡು ಉಳಿಯುತ್ತದೆ. ಅಲ್ಲಿ ನೇರವಾಗಿ ಕೇಳಿ, ಅಥವಾ ಆ ಭಾಗದ ಗುಜರಿ ವ್ಯಾಪಾರಿಗಳಲ್ಲಿ ಆರಿಸಿಕೊಳ್ಳಿ. ಮೈಸೂರಿನ ಹೆಬ್ಬಾಳ, ಬೆಳಗಾವಿಯ ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶಗಳಲ್ಲೂ ಇದೇ ದಾರಿ. ಆರಿಸುವಾಗ ಯಾವ ದರ್ಜೆಯ ಮಾಲು ಎಂದು ಘಟಕದವರಿಂದಲೇ ತಿಳಿದು, ತುದಿಗೆ ಬಣ್ಣ ಬಳಿದಿಡಿ. ತೂಕಕ್ಕೆ ಸುಲಭ ಸೂತ್ರವಿದೆ: ಮಿ.ಮೀ.ನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. 25 ಮಿ.ಮೀ. ಸರಳು ಮೀಟರಿಗೆ 3.86 ಕಿಲೋ.

ಪ್ರಶ್ನೆ: ಅಗ್ಗದ ಸ್ಟೀಲ್ ಪೈಪು 304 ದರ್ಜೆಯದೇ ಎಂದು ಅಯಸ್ಕಾಂತದಿಂದ ತಿಳಿಯಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಇಲ್ಲ. 304ರಂತೆಯೇ ಅಗ್ಗದ 202 ದರ್ಜೆಯ ಸ್ಟೀಲ್ ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎರಡನ್ನೂ ಬೇರ್ಪಡಿಸಲು, 202ರಲ್ಲಿರುವಂತೆ ಮ್ಯಾಂಗನೀಸ್ ಹೆಚ್ಚಿದ್ದರೆ ಬಣ್ಣ ಬದಲಾಗುವ ಪರೀಕ್ಷಾ ದ್ರಾವಣವಿದೆ; ಒಂದು ಹನಿ ಹಾಕಿ ತೋರಿಸಲು ಅಂಗಡಿಯವರನ್ನೇ ಕೇಳಿ, ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಣಹವೆಯ ಊರಿನಲ್ಲಿ ಮನೆಯೊಳಗಿನ ಸ್ಟ್ಯಾಂಡಿಗೆ 202 ಸಾಕಾಗುತ್ತದೆ. ಕಡಲ ತೀರದಲ್ಲಿರುವ ನೀವು ಹೊರಗಿಡುವ ವಸ್ತುಗಳಿಗೆ ಅದನ್ನು ಕೊಳ್ಳಬೇಡಿ. ಉಪ್ಪುಗಾಳಿಗೆ ಬೇಗನೆ ತುಕ್ಕಿನ ಚುಕ್ಕೆ ಏಳುತ್ತದೆ.