ಜೋಳ ಹಸನು ಮಾಡುವುದೂ ಕಾಯಕವೇ

ಪ್ರಶ್ನೆ: ಬಸವಕಲ್ಯಾಣದವ, ವಯಸ್ಸು 38. ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗಕ್ಕ ಹನ್ನೆರಡು ವರ್ಷದಿಂದ ಗುಳಿಗಿ ನಡೆದದ. ಯಾರೂ ಇಲ್ಲದಾಗ ಧ್ವನಿ ಕೇಳೋದು ಭಾಳ ಕಡಿಮಿ ಆಗೇದ. ಆದರ ಮುಂಜಾನಿ ಹತ್ತರತನ ಮಂಪರು, ಯಾವುದೂ ಬ್ಯಾಡ ಅನಸ್ತದ. ಅಣ್ಣ ಅಂಗಡಿಗೆ, ವೈನಿ ಶಾಲಿಗೆ ಹೋಗ್ತಾರ. ನಾನು ಒಂದೀಟು ಜ್ವಾಳ ಹಸನ ಮಾಡತೀನಿ, ಅಷ್ಟೇ. ಕಾಯಕವೇ ಕೈಲಾಸ ಅನ್ನೋ ಊರಾಗ ನಂದೂ ಒಂದು ಬಾಳೇನ್ರಿ?

ಉತ್ತರ: ನಿಮ್ಮ ಕಲ್ಯಾಣದಲ್ಲೇ ಇದ್ದ ಆಯ್ದಕ್ಕಿ ಮಾರಯ್ಯನ ಕಾಯಕ ಏನು? ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಹೆಚ್ಚು ತಂದಾಗ, ನಮಗೆ ಇಷ್ಟು ಬೇಡ, ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದ ಕಥೆ ನಿಮಗೂ ಗೊತ್ತು. ಕಾಯಕದ ಹೆಸರಲ್ಲಿ ನಿಮ್ಮನ್ನೇ ನೀವು ಹಂಗಿಸಿಕೊಳ್ಳುವಾಗ ಆ ಗಂಡ ಹೆಂಡತಿಯನ್ನು ಮರೆಯಬೇಡಿ.

ಯಾವುದೂ ಬೇಡವೆನಿಸುವುದು ಈ ಕಾಯಿಲೆಯದೇ ಲಕ್ಷಣ. ಧ್ವನಿಗಳು ಗುಳಿಗೆಗೆ ಬಗ್ಗಿದಂತೆ ಇದು ಬೇಗ ಬಗ್ಗುವುದಿಲ್ಲ. ಯಾರಾದರೂ ಸೋಮಾರಿ ಎಂದರೆ ಒಪ್ಪಬೇಡಿ. ಮನಸ್ಸು ಬರಲಿ, ಆಮೇಲೆ ಏಳೋಣ ಎಂದು ಕಾಯುತ್ತಾ ಕೂತರೆ ದಿನವೇ ಮುಗಿದುಹೋಗುತ್ತದೆ. ಕೈ ಶುರುಮಾಡಿದರೆ ಎಷ್ಟೋ ಸಲ ಮನಸ್ಸು ಹಿಂದಿನಿಂದ ಬರುತ್ತದೆ. ಬರದ ದಿನವೂ ಇರುತ್ತದೆ. ಅವತ್ತು ಒಂದು ಹಿಡಿ ಜೋಳ ಸಾಕು.

ಹಾಗಾಗಿ ಹೊಸದೇನನ್ನೂ ಹುಡುಕಬೇಡಿ, ಇದ್ದದ್ದಕ್ಕೇ ಒಂದು ಹೊತ್ತು ಗೊತ್ತುಮಾಡಿ. ಚಹಾ ಆದ ಮೇಲೆ ನೆರಳಲ್ಲಿ ಮೊರ ಹಿಡಿದು ಕೂಡಿ. ಹೊಟ್ಟು ಕೇರಿ, ಹರಳು ತೆಗೆಯಿರಿ, ಹುಳ ಹಿಡಿದ ಕಾಳು ಬೇರೆ ಮಾಡಿ. ಹಸನಾದ ಜೋಳವನ್ನು ಗಿರಣಿಗೆ ನೀವೇ ಒಯ್ಯಿರಿ. ಅಲ್ಲಿ ನಾಲ್ಕು ಮಂದಿಯ ಮುಖ ನೋಡುತ್ತೀರಿ, ಎರಡು ಮಾತಾಗುತ್ತದೆ. ಮನೆಯಲ್ಲಿ ರೊಟ್ಟಿ ಬಡಿಯುವುದು ನೀವು ತಂದ ಹಿಟ್ಟಿನಿಂದ. ನನ್ನಿಂದ ಮನೆಗೆ ಏನೋ ಆಗುತ್ತಿದೆ ಎಂಬ ಧೈರ್ಯ ಇಂಥದರಿಂದಲೇ ಹುಟ್ಟುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಬೆಳಗಿನ ಮಂಪರಿಗೆ ಗುಳಿಗೆಯೂ ಕಾರಣವಿರಬಹುದು. ತೆಗೆದುಕೊಳ್ಳುವ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವಾಗಿ ಮಾತ್ರ ಕಡಿಮೆ ಮಾಡಬೇಡಿ, ಬಿಡಲೂ ಬೇಡಿ. ಬಿಟ್ಟರೆ ಧ್ವನಿಗಳು ಮರಳುವ ಅಪಾಯ ದೊಡ್ಡದು. ನಿದ್ದೆ ಕೆಟ್ಟರೆ, ಧ್ವನಿ ಜೋರಾದರೆ, ಬದುಕೇ ಸಾಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಅಣ್ಣನಿಗೂ ವೈನಿಗೂ ಓದಲು ಕೊಡಿ. ಅವರಲ್ಲಿ ನನ್ನದೊಂದು ಕೇಳಿಕೆ: ಇವರು ಮಾಡುವ ಕೆಲಸವನ್ನು ಕರುಣೆಯಿಂದ ನೀವೇ ಮುಗಿಸಿಬಿಡಬೇಡಿ. ಆಗದ ದಿನ ಇವರೇ ಹೇಳುತ್ತಾರೆ.