ಶಿಡ್ಲಘಟ್ಟದ ಹಿತ್ತಲಿನಲ್ಲಿ ಬ್ಲೂಬೆರಿ ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ?

ಶಿಡ್ಲಘಟ್ಟದ ನಿಮ್ಮ ಹಿತ್ತಲಿನಲ್ಲಿ ಎರಡು ಬ್ಲೂಬೆರಿ ಗಿಡ ನೆಟ್ಟು, ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ತಪ್ಪದೆ ಕೊಳವೆಬಾವಿಯ ನೀರು ಕೊಡುತ್ತಿದ್ದೀರಿ. ಆದರೂ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿವೆ, ಇನ್ನು ಯಾವ ಗೊಬ್ಬರ ಹಾಕಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದನ್ನೂ ಹಾಕಬೇಡಿ. ಎಲೆ ಹೀಗಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇಕಾದಷ್ಟಿದೆ, ಆದರೆ ಮಣ್ಣಿನಲ್ಲಿ ಹುಳಿ ಸಾಲದೆ ಗಿಡಕ್ಕೆ ಅದನ್ನು ಹೀರಿಕೊಳ್ಳಲು ಆಗುತ್ತಿಲ್ಲ. ಅದಕ್ಕೆ ದೊಡ್ಡ ಕಾರಣ ನಿಮ್ಮ ನೀರು. ನಾನು ಕೋಲಾರದಲ್ಲಿ ಬ್ಲೂಬೆರಿಯನ್ನು ಕುಂಡಗಳಲ್ಲಿ ಬೆಳೆಸುತ್ತಿದ್ದೇನೆ. ನಮ್ಮ ಎರಡೂ ಕಡೆಯ ಕೊಳವೆಬಾವಿ ನೀರಿನ ಗುಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಬ್ಲೂಬೆರಿ ಹುಳಿ ಮಣ್ಣಿನ ಗಿಡ. ಅದಕ್ಕೆ ಮಣ್ಣಿನ ರಸಸಾರ, ಅಂದರೆ ಪಿಎಚ್, 4.5ರಿಂದ 5.5ರೊಳಗೆ ಇರಬೇಕು. ನಿಮ್ಮ ಸುತ್ತಮುತ್ತ ಹಿಪ್ಪುನೇರಳೆ ಹುಲುಸಾಗಿ ಬೆಳೆಯುವ ಮಣ್ಣು 6.5, 7ರ ಆಸುಪಾಸಿನದು. ಅಂತರ ಚಿಕ್ಕದೆಂದು ಕಾಣಬಹುದು, ಆದರೆ ಈ ಅಳತೆಯಲ್ಲಿ ಒಂದು ಅಂಕ ಏರಿದರೆ ಆಮ್ಲೀಯತೆ ಹತ್ತು ಪಟ್ಟು ಇಳಿಯುತ್ತದೆ. ಮೇಲಾಗಿ ಬ್ಲೂಬೆರಿಯ ಬೇರಿಗೆ ಇತರ ಗಿಡಗಳಂತೆ ಬೇರುರೋಮಗಳಿಲ್ಲ. ನವಿರಾದ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿ, ಒಂದು ಬಗೆಯ ಶಿಲೀಂಧ್ರದ ನೆರವಿನಿಂದ ಪೋಷಕಾಂಶ ಪಡೆಯುತ್ತವೆ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದಾಗ ಹೇಳಿದ ಮುಖ್ಯ ಸಂಗತಿಯೇ ಇದು: ಚೆನ್ನಾಗಿ ಗೊಬ್ಬರ ಉಂಡ, ಸುಣ್ಣ ಬೆರೆತ ಫಲವತ್ತಾದ ತೋಟದ ಮಣ್ಣು ಈ ಗಿಡಕ್ಕೆ ಆಗಿಬರುವುದಿಲ್ಲ. ನಾವು ಅಕ್ಕರೆಯಿಂದ ಹಾಕುವ ಸಗಣಿ ಗೊಬ್ಬರ, ಎರೆಗೊಬ್ಬರ, ಒಲೆ ಬೂದಿ, ಮೊಟ್ಟೆಚಿಪ್ಪು ಎಲ್ಲವೂ ಇಲ್ಲಿ ಬೇಡ.

ಈಗ ನೀರಿನ ವಿಷಯ. ನಮ್ಮ ಆಳದ ಕೊಳವೆಬಾವಿಗಳ ನೀರು ಗಡಸು. ಬಿಸಿನೀರಿನ ಹಂಡೆಯ ತಳದಲ್ಲಿ ಬಿಳಿಯಾಗಿ ಕಟ್ಟುವ ಪದರವನ್ನು ನೋಡಿದ್ದೀರಲ್ಲ, ಅದಕ್ಕೆ ಕಾರಣವಾದ ಬೈಕಾರ್ಬೊನೇಟುಗಳೇ ಮಣ್ಣಿನ ಹುಳಿಯನ್ನು ಸ್ವಲ್ಪಸ್ವಲ್ಪವಾಗಿ ಕೊಲ್ಲುತ್ತವೆ. ಎಷ್ಟೇ ಖರ್ಚು ಮಾಡಿ ಮಣ್ಣನ್ನು ಸರಿಪಡಿಸಿದರೂ ದಿನಕ್ಕೊಂದು ಚೊಂಬು ನೀರು ಅದನ್ನು ಮತ್ತೆ ಕೆಡಿಸುತ್ತದೆ. ಮಣ್ಣಿನ ಬಗ್ಗೆ ಪುಟಗಟ್ಟಲೆ ಸಲಹೆ ಕೊಡುವವರು ನೀರಿನ ಬಗ್ಗೆ ಒಂದು ಮಾತನ್ನೂ ಹೇಳದಿರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಬಯಲುಸೀಮೆಯಲ್ಲಿ ಗಿಡ ಸೋಲುವುದು ಇಲ್ಲೇ.

ಮಳೆನೀರು ಹಿಡಿದಿಡಿ. ಅದು ಸಹಜವಾಗಿಯೇ ತುಸು ಹುಳಿ, ಸುಣ್ಣವಿಲ್ಲದ್ದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಸುರಿದರೆ, ಸೋರಿಹೋದದ್ದನ್ನು ಕಳೆದರೂ, ಸಾವಿರ ಲೀಟರಿನ ತೊಟ್ಟಿ ಬಹುತೇಕ ತುಂಬುತ್ತದೆ. ದಿನಕ್ಕೆ ಗಿಡವೊಂದಕ್ಕೆ ಎರಡು ಲೀಟರ್ ಹಿಡಿದರೆ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಎರಡು ಗಿಡಕ್ಕೆ ಬೇಕಾಗುವುದು ಸುಮಾರು 600 ಲೀಟರ್. ಮೊದಲ ಮಳೆಯ ನೀರನ್ನು ಹರಿಯಲು ಬಿಡಿ, ತೊಟ್ಟಿಯನ್ನು ಬೆಳಕು ಬೀಳದಂತೆ, ಸೊಳ್ಳೆ ಹೋಗದಂತೆ ಮುಚ್ಚಿ. ಮಳೆನೀರು ಮುಗಿದರೆ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರನ್ನು ಬಳಸಬಹುದು. ಶೋಧಕದಿಂದ ಹೊರಬರುವ ತ್ಯಾಜ್ಯ ನೀರನ್ನು ಮಾತ್ರ ಬಳಸಬೇಡಿ, ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಎರಡೂ ಇಲ್ಲದ ದಿನ ಕೊಳವೆಬಾವಿ ನೀರಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಚಿಟಿಕೆ ಚಿಟಿಕೆಯಾಗಿ ಬೆರೆಸಿ, ಪಿಎಚ್ ಕಾಗದದಲ್ಲಿ 5ರ ಹತ್ತಿರ ಬಂದಾಗ ನಿಲ್ಲಿಸಿ. ಇದು ತಾತ್ಕಾಲಿಕ ಉಪಾಯ ಮಾತ್ರ. ಸೂಕ್ಷ್ಮಜೀವಿಗಳು ಈ ಹುಳಿಯನ್ನು ಬೇಗ ಕರಗಿಸಿಬಿಡುತ್ತವೆ.

ಗಿಡಗಳನ್ನು ನೆಲದಿಂದ ಎತ್ತಿ ಕುಂಡಕ್ಕೆ ಹಾಕಿ. ಸುತ್ತಲಿನ ಮಣ್ಣನ್ನು ಹುಳಿಯಾಗಿ ಉಳಿಸಿಕೊಳ್ಳುವುದು ಕಷ್ಟ, ಕುಂಡದ ಮಣ್ಣು ಕೈಯಳತೆಯಲ್ಲಿರುತ್ತದೆ. ಹದಿನೈದು ಇಂಚಿಗಿಂತ ಅಗಲವಾದ ಪ್ಲಾಸ್ಟಿಕ್ ಕುಂಡ ಅಥವಾ ಗ್ರೋ ಬ್ಯಾಗ್ ಸಾಕು. ಸಿಮೆಂಟಿನ ಕುಂಡ ಸುಣ್ಣ ಬಿಡುವುದರಿಂದ ಅದು ಬೇಡ. ತಿಪಟೂರಿನ ಕಡೆಯಿಂದ ಬರುವ ತೆಂಗಿನ ನಾರಿನ ಪುಡಿ ನಮಗೆ ಸುಲಭವಾಗಿ ಸಿಗುತ್ತದೆ. ಅದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಬಾರಿ ನೆನೆಸಿ ಹಿಂಡಿ ಉಪ್ಪು ತೆಗೆಯಿರಿ. ಅದಕ್ಕೆ ಪೀಟ್ ಮಾಸ್, ಅಂದರೆ ಜೌಗು ನೆಲದ ಕಳಿತ ಪಾಚಿ, ಸೇರಿಸಿದರೆ ಹುಳಿ ಬರುತ್ತದೆ, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಸೇರಿಸಿದರೆ ನೀರು ನಿಲ್ಲುವುದಿಲ್ಲ. ಮೇಲೆ ಸರ್ವೆ ತೋಪಿನಲ್ಲಿ ಉದುರಿದ ಒಣ ಎಲೆಗಳನ್ನು ಎರಡು ಇಂಚು ಹೊದಿಸಿ. ಮೇಲ್ಮೈಯಲ್ಲೇ ಇರುವ ಬೇರುಗಳಿಗೆ ನಮ್ಮ ಬಿಸಿಲಿನಲ್ಲಿ ಈ ಹೊದಿಕೆ ಬೇಕೇ ಬೇಕು.

ಗಂಧಕದ ಪುಡಿಯೂ ರಸಸಾರವನ್ನು ಇಳಿಸುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಲು ತಿಂಗಳುಗಳೇ ಬೇಕು, ಆದ್ದರಿಂದ ಒಮ್ಮೆಗೇ ಸುರಿಯಬೇಡಿ. ಹೊಸ ಎಲೆ ಹಸಿರಾದ ಮೇಲೆ ಅಮೋನಿಯಂ ಸಲ್ಫೇಟನ್ನು ಅರ್ಧ ಚಮಚದಂತೆ ಒಂದೂವರೆ ತಿಂಗಳಿಗೊಮ್ಮೆ ಕೊಡಿ. ನೈಟ್ರೇಟ್ ರೂಪದ ಗೊಬ್ಬರ ಈ ಗಿಡಕ್ಕೆ ಒಗ್ಗುವುದಿಲ್ಲ.

ತಳಿಯ ಹೆಸರನ್ನು ನೀವು ಬರೆದಿಲ್ಲ. ನರ್ಸರಿಯವರನ್ನು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಉತ್ತರದ ಹಲವು ತಳಿಗಳಿಗೆ ಏಳು ಡಿಗ್ರಿಗಿಂತ ಕಡಿಮೆ ಚಳಿ ನೂರಾರು ಗಂಟೆ ಬೇಕು, ಅದು ನಂದಿ ಬೆಟ್ಟದ ತುದಿಯಲ್ಲೂ ಸಿಗಲಾರದು. 1998ರಲ್ಲಿ ಬಿಡುಗಡೆಯಾದ ಬಿಲಾಕ್ಸಿಯಂಥ ಕಡಿಮೆ ಚಳಿ ಬೇಡುವ ತಳಿಯಾದರೆ ಭರವಸೆಯಿಡಬಹುದು. ಪೆರು ದೇಶದ ಬೆಚ್ಚನೆಯ ಕರಾವಳಿಯಲ್ಲೂ ಅದು ಫಲ ಕೊಟ್ಟಿದೆ. ಎರಡು ಗಿಡ ಬೇರೆ ಬೇರೆ ತಳಿಯವಾದರೆ ಕಾಯಿ ಇನ್ನೂ ದಪ್ಪವಾಗುತ್ತದೆ.

ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಕಟ್ಟಿ. ಮೊದಲ ವರ್ಷದ ಹೂಗಳನ್ನು ಚಿವುಟಿಬಿಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಚಿವುಟಿ, ಬೇರು ಬಲಿಯಲಿ. ಹಣ್ಣು ಬರುವ ಹೊತ್ತಿಗೆ ಪಿಕಳಾರಗಳು ನಿಮಗಿಂತ ಮೊದಲೇ ಬರುತ್ತವೆ, ಬಲೆ ಹಾಕಿ. ನೀಲಿಯಾದ ಕೂಡಲೇ ಕೀಳಬೇಡಿ. ತೊಟ್ಟಿನ ಸುತ್ತ ಕೆಂಪು ಉಂಗುರ ಉಳಿದಿದ್ದರೆ ಹಣ್ಣು ಹುಳಿಯಾಗಿರುತ್ತದೆ, ಕಿತ್ತ ಮೇಲೆ ಅದರ ಸಿಹಿ ಏರುವುದಿಲ್ಲ. ಇನ್ನೂ ನಾಲ್ಕೈದು ದಿನ ಗಿಡದಲ್ಲೇ ಬಿಡಿ.