ಕಿಡ್ನಿ ಕಸಿಯ ಮಾತ್ರೆಯಿಂದ ಮೆದುಳು ಊದಿಕೊಳ್ಳುತ್ತದೆಯೇ?

ಪ್ರಶ್ನೆ: ಅಣ್ಣನಿಗೆ ಕಿಡ್ನಿ ಕಸಿ ಆಗಿ ಎರಡು ತಿಂಗಳಾಯಿತು. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ನುಂಗುತ್ತಿದ್ದ. ಕಳೆದ ವಾರ ಜೋರು ತಲೆನೋವು ಬಂತು, ಕಣ್ಣು ಮಂಜಾಯಿತು, ಆಮೇಲೆ ಫಿಟ್ಸ್. ಬಿಪಿ 190/110 ಇತ್ತು. ಎಂಆರ್‌ಐ ನೋಡಿ ‘ಪ್ರೆಸ್’ (PRES: ಮೆದುಳಿನ, ಹೆಚ್ಚಾಗಿ ಹಿಂಭಾಗದ, ಮರಳಿ ಸರಿಹೋಗುವ ಊತ) ಎಂದರು. ಆದರೆ ರಕ್ತದಲ್ಲಿ ಮಾತ್ರೆಯ ಮಟ್ಟ ನಾರ್ಮಲ್ ಇತ್ತಲ್ಲ, ಮತ್ತೆ ಹೇಗೆ? ಬೇರೆ ಔಷಧಿಗಳಿಂದಲೂ ಹೀಗಾಗುತ್ತದೆಯೇ? ಅವನಿಗೀಗ ಮಾತ್ರೆ ಮುಟ್ಟಲೂ ಭಯ.

ಉತ್ತರ: ಭಯ ಸಹಜ, ಆದರೆ ಸುಮ್ನೆ ತಾನಾಗಿ ಮಾತ್ರೆ ಬಿಟ್ಟರೆ ದೇಹ ಹೊಸ ಕಿಡ್ನಿಯನ್ನೇ ತಿರಸ್ಕರಿಸಬಹುದು. ಡೋಸ್ ಇಳಿಸುವುದೋ, ಬೇರೆ ಮಾತ್ರೆಗೆ ಹೋಗುವುದೋ, ಅದನ್ನು ಕಸಿ ಮಾಡಿದ ವೈದ್ಯರೇ ಹೇಳಲಿ.

ಮಟ್ಟ ನಾರ್ಮಲ್ ಇದ್ದರೂ ಪ್ರೆಸ್ ಬರುತ್ತದೆ. ಟ್ಯಾಕ್ರೊಲಿಮಸ್, ಕಸಿಯಾದವರಿಗೇ ಕೊಡುವ ಸೈಕ್ಲೋಸ್ಪೊರಿನ್ ಎರಡೂ ರಕ್ತನಾಳದ ಒಳಪದರವನ್ನು ಕೆಣಕುತ್ತವೆ, ಜೊತೆಗೆ ಬಿಪಿಯನ್ನೂ ಏರಿಸುತ್ತವೆ. ಪದರ ಹಾಳಾಗಿರುವಾಗ ಒತ್ತಡವೂ ಏರಿದರೆ ರಕ್ತದ ನೀರಿನಂಶ ಮೆದುಳಿನೊಳಗೆ ಸೋರಿ ಊತ ಬರುತ್ತದೆ. ತಲೆಯ ಹಿಂಭಾಗದ ರಕ್ತನಾಳಗಳಿಗೆ ಈ ಒತ್ತಡ ತಡೆಯುವ ಶಕ್ತಿ ಕಡಿಮೆ, ನೋಟವನ್ನು ಅರ್ಥ ಮಾಡಿಕೊಳ್ಳುವ ಭಾಗವೂ ಅಲ್ಲೇ ಇದೆ. ಅದಕ್ಕೇ ಕಣ್ಣು ಸರಿ ಇದ್ದರೂ ಮಂಜು ಮಂಜಾಗಿ ಕಾಣುವುದು. 1996ರಲ್ಲಿ ಈ ತೊಂದರೆಯನ್ನು ಮೊದಲು ಹೆಸರಿಟ್ಟು ವಿವರಿಸಿದಾಗಲೇ ಆ ರೋಗಿಗಳಲ್ಲಿ ಹಲವರು ಇಂಥ ಔಷಧಿ ತೆಗೆದುಕೊಳ್ಳುತ್ತಿದ್ದವರು. ಬಿಪಿ ಅಷ್ಟೇನೂ ಏರದೆ ಪ್ರೆಸ್ ಬಂದವರೂ ಇದ್ದಾರೆ, ಹಾಗಾಗಿ ಬರೀ ಬಿಪಿ ಮೇಲೂ ತಪ್ಪು ಹೊರಿಸಲಾಗದು.

ಬೇರೆ ಔಷಧಿಗಳೂ ಇವೆ. ಕ್ಯಾನ್ಸರಿಗೆ ಕೊಡುವ ಬೆವಾಸಿಜುಮಾಬ್, ಸುನಿಟಿನಿಬ್, ಸಿಸ್‌ಪ್ಲಾಟಿನ್, ಜೆಮ್‌ಸಿಟಬಿನ್, ಬೊರ್ಟೆಜೊಮಿಬ್, ಕಿಡ್ನಿ ರೋಗಿಗಳಿಗೆ ರಕ್ತ ಹೆಚ್ಚಿಸಲು ಕೊಡುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್, ಅಪರೂಪಕ್ಕೆ ಹೆಚ್ಚು ಡೋಸಿನ ಸ್ಟೆರಾಯ್ಡ್. ಇವನ್ನು ತೆಗೆದುಕೊಳ್ಳುವ ಹೆಚ್ಚಿನವರಿಗೆ ಪ್ರೆಸ್ ಬರುವುದೇ ಇಲ್ಲ. ಇನ್ನು ಗರ್ಭಿಣಿಯರಿಗೆ ಬಿಪಿ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾದಲ್ಲಿ ಔಷಧಿಯ ಹಂಗೇ ಇಲ್ಲದೆ ಇದು ಬರುತ್ತದೆ.

ಚಿಕಿತ್ಸೆಯಲ್ಲಿ ಬಿಪಿಯನ್ನು ನಿಧಾನವಾಗಿ ಇಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ಶೇ. 20–25ಕ್ಕಿಂತ ಜಾಸ್ತಿ ಇಳಿಸಿದರೆ ಮೆದುಳಿಗೆ ರಕ್ತವೇ ಸಾಲದೆ ಹೋಗಬಹುದು. ಜೊತೆಗೆ ಫಿಟ್ಸ್ ನಿಲ್ಲಿಸುವ ಔಷಧಿ, ಕಾರಣವಾದ ಔಷಧಿಯ ಬದಲಾವಣೆ. ಬಹಳಷ್ಟು ಜನ ಕೆಲವು ದಿನ, ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಹೆಸರಿನಲ್ಲೇ ‘ಮರಳಿ ಸರಿಹೋಗುವ’ ಅಂತ ಇದೆಯಲ್ಲ ಎಂದು ತಡಮಾಡಬೇಡಿ, ರಕ್ತಸ್ರಾವವಾಗಿ ಶಾಶ್ವತ ತೊಂದರೆ ಉಳಿದವರೂ ಇದ್ದಾರೆ.

ಪ್ರೆಸ್ ಮತ್ತೆ ಬರುವುದು ಕಡಿಮೆ, ಆದರೆ ಬರುವುದೇ ಇಲ್ಲ ಎಂದಲ್ಲ. ಮನೆಯಲ್ಲೇ ದಿನಾ ಬಿಪಿ ನೋಡಿ ಬರೆದಿಡಿ. ಅಣ್ಣ ಈಗಲೂ ಟ್ಯಾಕ್ರೊಲಿಮಸ್ ಮೇಲಿದ್ದರೆ ಇನ್ನೊಂದು ವಿಷಯ: ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್, ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಅಷ್ಟೇಕೆ ಬಿಪಿಗೇ ಕೊಡುವ ಡಿಲ್ಟಿಯಾಜೆಮ್ ಕೂಡ ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ಗಂಟಲು ನೋವಿಗೆ ಬೇರೆ ಡಾಕ್ಟರ ಬಳಿ ಹೋದರೂ ಕಸಿಯ ಮಾತ್ರೆಗಳ ಚೀಟಿ ಕೈಯಲ್ಲಿರಲಿ.